ಏಜೆನ್ಸಿ ಮೂಲಕ ಮಾಡೆಲಿಂಗ್ ಮತ್ತು ನಟನೆ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಜಾಹೀರಾತು, ಫ್ಯಾಷನ್, ಧಾರಾವಾಹಿ, ಸಿನಿಮಾಗಳಿಗೆ ಕಲಾವಿದರನ್ನು ಒದಗಿಸುವ ಏಜೆನ್ಸಿಯ ಬಾಗಿಲು ತಟ್ಟುವ ಮುನ್ನ ಜನರಿಗೆ ಬರುವ ಅನುಮಾನಗಳು ಹೆಚ್ಚುಕಡಿಮೆ ಇವೇ. ಕೆಲವಕ್ಕೆ ಒಂದೇ ಸಾಲಿನ ಉತ್ತರ ಸಾಕು. ದುಡ್ಡು ಮತ್ತು ಸಹಿಯ ವಿಷಯದಲ್ಲಿ ಮಾತ್ರ ಸ್ವಲ್ಪ ದೀರ್ಘವಾಗಿಯೇ ಬರೆಯಬೇಕಾಯಿತು.

ಏಜೆನ್ಸಿ ನಿಜವಾಗಿ ಮಾಡುವ ಕೆಲಸವೇನು?

ನಿಮಗೆ ಕೆಲಸ ಕೊಡಬಲ್ಲವರ ಮುಂದೆ ನಿಮ್ಮ ಹೆಸರು, ಫೋಟೋ ಇಡುತ್ತದೆ. ಆಯ್ಕೆಯಾದರೆ ದರ ಮಾತಾಡುತ್ತದೆ, ಕರಾರು ಓದುತ್ತದೆ, ದಿನಾಂಕ ಹೊಂದಿಸುತ್ತದೆ, ಬಾಕಿ ಹಣಕ್ಕೆ ಬೆನ್ನು ಹತ್ತುತ್ತದೆ. ಇಷ್ಟಕ್ಕೆಲ್ಲ ನಿಮಗೆ ಬಂದ ಸಂಭಾವನೆಯಲ್ಲಿ ಒಂದು ಪಾಲನ್ನು ಕಮಿಷನ್ ಎಂದು ಇಟ್ಟುಕೊಳ್ಳುತ್ತದೆ. ನೀವು ದುಡಿದರೆ ಮಾತ್ರ ಅದಕ್ಕೂ ದುಡಿಮೆ. ಈ ಪುಟದ ಅರ್ಧಕ್ಕರ್ಧ ಉತ್ತರಗಳು ಈ ಒಂದು ವಾಕ್ಯದಿಂದಲೇ ಹುಟ್ಟುತ್ತವೆ.

ಏಜೆನ್ಸಿ ಮಾಡದ ಕೆಲಸಗಳೂ ಇವೆ. ಅದು ನಿಮ್ಮನ್ನು ತಾರೆಯನ್ನಾಗಿ ಮಾಡುವುದಿಲ್ಲ, ಅವಕಾಶದ ಖಾತರಿ ಕೊಡುವುದಿಲ್ಲ, ತಿಂಗಳ ಸಂಬಳ ಕೊಡುವುದಿಲ್ಲ. ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಅವರು ನಿಮ್ಮ ಮೂಗಿಗೆ ತುಪ್ಪ ಸವರುತ್ತಿದ್ದಾರೆ ಎಂದೇ ತಿಳಿಯಿರಿ.

ಏಜೆಂಟ್, ಮ್ಯಾನೇಜರ್, ಕಾಸ್ಟಿಂಗ್ ಡೈರೆಕ್ಟರ್ ಎಲ್ಲರೂ ಒಂದೇ ಅಲ್ಲವೇ?

ಅಲ್ಲ, ಮತ್ತು ಈ ಗೊಂದಲದಲ್ಲೇ ಹೊಸಬರು ಎಡವುವುದು. ಏಜೆಂಟ್ ನಿಮ್ಮ ಕಡೆಯವರು. ಪಾತ್ರಗಳಿಗೆ ಕಲಾವಿದರನ್ನು ಆರಿಸುವ ಕಾಸ್ಟಿಂಗ್ ಡೈರೆಕ್ಟರ್ ನಿರ್ಮಾಣ ಸಂಸ್ಥೆಯ ಕಡೆಯವರು. ಅವರಿಗೆ ಸಂಬಳ ಕೊಡುವುದು ಸಿನಿಮಾದವರು ಅಥವಾ ಜಾಹೀರಾತಿನವರು, ಆದ್ದರಿಂದ ಆಡಿಷನ್‌ಗೆ ಹೆಸರು ಬರೆದುಕೊಳ್ಳಲು ಕಲಾವಿದರಿಂದ ಹಣ ಕೇಳುವ ಪ್ರಶ್ನೆಯೇ ಬರಬಾರದು. ಮ್ಯಾನೇಜರ್ ಎಂದರೆ ವೃತ್ತಿಜೀವನದ ಒಟ್ಟು ದಿಕ್ಕನ್ನು ನೋಡಿಕೊಳ್ಳುವವರು. ಮೊದಲ ಜಾಹೀರಾತೇ ಸಿಗದವರಿಗೆ ಮ್ಯಾನೇಜರ್ ಬೇಕಿಲ್ಲ. ಇವರೆಲ್ಲರ ನಡುವೆ, ಗುಂಪು ದೃಶ್ಯಗಳಿಗೆ ಜನರನ್ನು ಒದಗಿಸುವ ಸಂಯೋಜಕರು ಬೇರೆ ಇರುತ್ತಾರೆ. ಅವರು ದಿನಗೂಲಿಯ ಲೆಕ್ಕದಲ್ಲಿ ಕೆಲಸ ಕೊಡುತ್ತಾರೆ, ನಿಮ್ಮನ್ನು ಪ್ರತಿನಿಧಿಸುವುದಿಲ್ಲ.

ನೋಂದಣಿ ಶುಲ್ಕ ಕೇಳುತ್ತಿದ್ದಾರೆ. ಕೊಡಬೇಕೇ?

ಕೊಡಬೇಡಿ.

ಕಾರಣ ಸರಳ. ನೂರು ಜನ ಹೊಸಬರಿಂದ ಮುಂಗಡ ಪಡೆದ ಸಂಸ್ಥೆಗೆ ಆ ನೂರು ಜನರಿಗೆ ಕೆಲಸ ಹುಡುಕುವ ಜರೂರು ಉಳಿಯುವುದಿಲ್ಲ. ಅದರ ವ್ಯಾಪಾರ ಅಲ್ಲಿಗೇ ಮುಗಿಯಿತು, ನಾಳೆ ಇನ್ನೂ ನೂರು ಜನ ಸಿಕ್ಕರೆ ಸಾಕು. ಕಮಿಷನ್ ನಂಬಿ ಬದುಕುವ ಸಂಸ್ಥೆ ಹಾಗಲ್ಲ. ನಿಮಗೆ ಕೆಲಸ ಸಿಗದಿದ್ದರೆ ಅದರ ಹೊಟ್ಟೆಯೂ ತುಂಬುವುದಿಲ್ಲ, ಹಾಗಾಗಿ ಆಯ್ಕೆ ಮಾಡುವಾಗಲೇ ಹತ್ತು ಬಾರಿ ಯೋಚಿಸುತ್ತದೆ. ಬಂದವರನ್ನೆಲ್ಲ ‘ನಿಮ್ಮಲ್ಲಿ ಏನೋ ಇದೆ’ ಎಂದು ಹೊಗಳಿ ಸೇರಿಸಿಕೊಳ್ಳುವ ಕಚೇರಿಗೆ ಇನ್ನೊಂದು ಆದಾಯದ ಮೂಲ ಇದೆ ಎಂದೇ ಅರ್ಥ. ಆ ಮೂಲ ನೀವೇ.

ಶುಲ್ಕಕ್ಕೆ ವೇಷಗಳು ಹಲವು. ‘ನೋಂದಣಿಗೆ ಏನೂ ಬೇಡ, ಆದರೆ ನಮ್ಮ ಫೋಟೋಗ್ರಾಫರ್ ಹತ್ತಿರವೇ ಪೋರ್ಟ್‌ಫೋಲಿಯೊ (ಫೋಟೋಗಳ ಸಂಗ್ರಹ) ಮಾಡಿಸಬೇಕು’ ಎನ್ನುವುದು ಅತಿ ಸಾಮಾನ್ಯ. ‘ನಮ್ಮ ತರಬೇತಿ ಮುಗಿಸಿದವರಿಗೆ ಮಾತ್ರ ಅವಕಾಶ’ ಎನ್ನುವುದು ಎರಡನೆಯದು. ‘ಪಾತ್ರ ಖಚಿತ, ವಸ್ತ್ರಕ್ಕೆ ಮರುಪಾವತಿಯಾಗುವ ಠೇವಣಿ ಕಟ್ಟಿ’ ಎನ್ನುವುದು ಎಲ್ಲಕ್ಕಿಂತ ನಾಚಿಕೆಗೇಡು. ಮೂರರಲ್ಲೂ ಹಣ ಹರಿಯುವ ದಿಕ್ಕು ಒಂದೇ: ನಿಮ್ಮಿಂದ ಅವರಿಗೆ.

ಇದು ನನ್ನೊಬ್ಬನ ಹಟವಲ್ಲ. ಬ್ರಿಟನ್ 2010ರಲ್ಲಿ ಫ್ಯಾಷನ್ ಮತ್ತು ಫೋಟೋ ಮಾಡೆಲ್‌ಗಳಿಂದ ಏಜೆನ್ಸಿಗಳು ಮುಂಗಡ ಶುಲ್ಕ ಪಡೆಯುವುದನ್ನು ನಿಷೇಧಿಸಿತು. ಅವಕಾಶ ಕೊಡಿಸುತ್ತೇವೆಂದು ಮುಂಗಡ ಕೀಳುವವರ ವಿರುದ್ಧ ಕ್ಯಾಲಿಫೋರ್ನಿಯಾ 2009ರಲ್ಲಿ ಪ್ರತ್ಯೇಕ ಕಾನೂನು ಮಾಡಿತು. ನ್ಯೂಯಾರ್ಕ್ ರಾಜ್ಯದ ಫ್ಯಾಷನ್ ಕಾರ್ಮಿಕರ ಕಾಯ್ದೆ 2025ರ ಜೂನ್‌ನಲ್ಲಿ ಜಾರಿಗೆ ಬಂದಿದ್ದು, ಮಾಡೆಲ್‌ಗಳಿಂದ ಶುಲ್ಕ, ಠೇವಣಿ ಪಡೆಯುವುದಕ್ಕೆ ಅದರಲ್ಲೂ ತಡೆಯಿದೆ. ಕಾನೂನು ಮಾಡಬೇಕಾಯಿತು ಎಂದರೆ ಮೋಸ ಎಷ್ಟು ಹಳೆಯದು, ಎಷ್ಟು ವ್ಯಾಪಕ ಎಂದು ಊಹಿಸಿಕೊಳ್ಳಿ.

ಹಾಗಾದರೆ ನಾನು ಏನಕ್ಕೂ ಖರ್ಚು ಮಾಡಬೇಕಿಲ್ಲವೇ?

ಮಾಡಬೇಕಾಗುತ್ತದೆ, ಆದರೆ ನಿಮ್ಮ ಆಯ್ಕೆಯ ಅಂಗಡಿಯಲ್ಲಿ. ಫೋಟೋ, ನಟನಾ ತರಗತಿ, ಪ್ರಯಾಣ, ಕೂದಲು ಮತ್ತು ಚರ್ಮದ ಆರೈಕೆ ಇವೆಲ್ಲ ವೃತ್ತಿಯ ಖರ್ಚುಗಳೇ. ಒಳ್ಳೆಯ ಏಜೆನ್ಸಿ ಮೂರ್ನಾಲ್ಕು ಫೋಟೋಗ್ರಾಫರ್‌ಗಳ ಹೆಸರು ಹೇಳಿ, ‘ಇವರಲ್ಲಿ ಯಾರಾದರೂ ಸರಿ, ಬೇರೆಯವರಾದರೂ ಸರಿ’ ಎನ್ನುತ್ತದೆ. ಕೆಲವು ದೊಡ್ಡ ಸಂಸ್ಥೆಗಳು ತಾವೇ ಖರ್ಚು ಮಾಡಿ, ಮುಂದೆ ನಿಮ್ಮ ಗಳಿಕೆಯಲ್ಲಿ ಮುರಿದುಕೊಳ್ಳುತ್ತವೆ. ಅಂಥ ಕಡೆ ಪ್ರತಿ ಖರ್ಚಿಗೂ ನಿಮ್ಮ ಒಪ್ಪಿಗೆ ಮತ್ತು ರಸೀದಿ ಬೇಕು ಎಂದು ಬರೆಸಿಕೊಳ್ಳಿ. ಇಲ್ಲದಿದ್ದರೆ ವರ್ಷದ ಕೊನೆಗೆ ದುಡಿದದ್ದಕ್ಕಿಂತ ಸಾಲವೇ ಹೆಚ್ಚಾದ ಲೆಕ್ಕಪತ್ರ ಕೈಗೆ ಬರುತ್ತದೆ.

ಸ್ಥಳೀಯ ಸಣ್ಣ ಏಜೆನ್ಸಿ ಸಾಕೇ? ನೇರವಾಗಿ ದೊಡ್ಡದಕ್ಕೇ ಹೋಗಬಾರದೇ?

ಹೋಗಬಹುದು, ಯಾರೂ ತಡೆಯುವುದಿಲ್ಲ. ಆದರೆ ದೊಡ್ಡ ಸಂಸ್ಥೆಯ ಪಟ್ಟಿಯಲ್ಲಿ ಮುನ್ನೂರನೆಯ ಹೆಸರಾಗುವುದಕ್ಕಿಂತ ಸಣ್ಣ ಸಂಸ್ಥೆಯ ಮೂವತ್ತರಲ್ಲಿ ಒಬ್ಬರಾಗುವುದು ಆರಂಭದಲ್ಲಿ ಲಾಭ. ಸುತ್ತಮುತ್ತಲಿನ ಅಂಗಡಿ, ಆಸ್ಪತ್ರೆ, ಬ್ಯಾಂಕ್, ಶಾಲೆಗಳ ಜಾಹೀರಾತು, ಕ್ಯಾಟಲಾಗ್, ತರಬೇತಿ ವಿಡಿಯೊಗಳಂಥ ಕೆಲಸ ಇಂಥ ಏಜೆನ್ಸಿಗಳ ಮೂಲಕವೇ ಹೋಗುತ್ತದೆ. ಹೆಸರು ತರುವ ಕೆಲಸವಲ್ಲ. ಕ್ಯಾಮೆರಾ ಮುಂದೆ ನಿಂತು ಅಭ್ಯಾಸವಾಗುತ್ತದೆ, ನಾಲ್ಕು ಕಾಸೂ ಬರುತ್ತದೆ.

ಫ್ಯಾಷನ್‌ನಲ್ಲಿ ಇನ್ನೊಂದು ಏರ್ಪಾಡಿದೆ. ನಿಮ್ಮನ್ನು ಮೊದಲು ಗುರುತಿಸಿ ತಿದ್ದಿದ ಸ್ಥಳೀಯ ಸಂಸ್ಥೆ ‘ಮದರ್ ಏಜೆನ್ಸಿ’ ಆಗಿ ಉಳಿದು, ಬೇರೆ ನಗರ, ಬೇರೆ ದೇಶದ ಏಜೆನ್ಸಿಗಳಲ್ಲಿ ನಿಮ್ಮನ್ನು ಸೇರಿಸುತ್ತದೆ. ಅಲ್ಲಿನ ಕಮಿಷನ್‌ನಲ್ಲಿ ಅದಕ್ಕೊಂದು ಪಾಲು ಹೋಗುತ್ತದೆ. ಆ ಪಾಲು ಹೊಸ ಏಜೆನ್ಸಿಯ ಕಮಿಷನ್‌ನಿಂದ ಹೋಗಬೇಕೇ ಹೊರತು ನಿಮ್ಮ ಸಂಭಾವನೆಯಿಂದ ಎರಡನೇ ಬಾರಿ ಮುರಿಯುವಂತಿರಬಾರದು. ಇದನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಏಜೆನ್ಸಿ ಅಸಲಿಯೋ ನಕಲಿಯೋ ಪತ್ತೆ ಹೇಗೆ?

ಗೋಡೆಯ ಮೇಲಿನ ತಾರೆಯರ ಫೋಟೋ ನೋಡಿ ಮರುಳಾಗಬೇಡಿ. ಫೋಟೋ ಯಾರು ಬೇಕಾದರೂ ತೂಗುಹಾಕಬಹುದು. ‘ಕಳೆದ ಆರು ತಿಂಗಳಲ್ಲಿ ನಿಮ್ಮವರು ಯಾವ ಜಾಹೀರಾತಿನಲ್ಲಿ ಬಂದಿದ್ದಾರೆ, ತೋರಿಸಿ’ ಎಂದು ಕೇಳಿ. ನಿಜವಾದ ಏಜೆನ್ಸಿ ಫೋನ್ ತೆಗೆದು ಅಲ್ಲೇ ತೋರಿಸುತ್ತದೆ. ಅವರ ಪಟ್ಟಿಯಲ್ಲಿರುವ ಇಬ್ಬರು ಮೂವರು ಕಲಾವಿದರನ್ನು ನೀವೇ ಆರಿಸಿ ಸಂಪರ್ಕಿಸಿ, ಹಣ ಸಮಯಕ್ಕೆ ಬರುತ್ತದೆಯೇ ಎಂಬ ಒಂದೇ ಪ್ರಶ್ನೆ ಕೇಳಿ. ಏಜೆನ್ಸಿಯೇ ಮುಂದೆ ತಂದು ನಿಲ್ಲಿಸಿದ ಕಲಾವಿದರ ಮಾತಿಗೆ ಅಷ್ಟು ಬೆಲೆಯಿಲ್ಲ.

ಸಂಸ್ಥೆ ನೋಂದಣಿಯಾಗಿದೆಯೇ, ಕಚೇರಿಗೆ ವಿಳಾಸವಿದೆಯೇ, ಮೇಲ್ ಸಂಸ್ಥೆಯ ಹೆಸರಿನಲ್ಲೇ ಬರುತ್ತಿದೆಯೇ ನೋಡಿ. ದೊಡ್ಡ ಏಜೆನ್ಸಿಗಳ ಹೆಸರು ಕದ್ದು ಸಂದೇಶ ಕಳಿಸುವವರು ಬೇಕಾದಷ್ಟಿದ್ದಾರೆ. ‘ನಾವು ನಿಮ್ಮ ಪ್ರೊಫೈಲ್ ನೋಡಿದೆವು’ ಎಂದು ಸಂದೇಶ ಬಂದರೆ ಅದಕ್ಕೆ ಉತ್ತರಿಸುವ ಬದಲು ಆ ಏಜೆನ್ಸಿಯ ಅಧಿಕೃತ ಜಾಲತಾಣದಲ್ಲಿರುವ ಸಂಖ್ಯೆಗೆ ನೀವೇ ಕರೆ ಮಾಡಿ ವಿಚಾರಿಸಿ. ‘ಇವತ್ತೇ ಸಹಿ ಹಾಕದಿದ್ದರೆ ಅವಕಾಶ ಹೋಯಿತು’ ಎಂದವರ ಕಚೇರಿಯಿಂದ ಎದ್ದು ಬನ್ನಿ. ಚಹಾ ಕೊಟ್ಟಿದ್ದರೆ ಕುಡಿದು ಬನ್ನಿ, ಅಷ್ಟೇ.

ನಾನು ಎತ್ತರವಿಲ್ಲ, ತೆಳ್ಳಗಿಲ್ಲ, ವಯಸ್ಸೂ ನಲವತ್ತಾಯಿತು. ನನಗೆ ಜಾಗವಿದೆಯೇ?

ರ‍್ಯಾಂಪ್ ಮೇಲೆ ಕಷ್ಟ. ಅಲ್ಲಿ ಬಟ್ಟೆಯ ಮಾದರಿ ಒಂದೇ ಅಳತೆಗೆ ಹೊಲಿದಿರುತ್ತಾರೆ, ಹಾಗಾಗಿ ಮಹಿಳೆಯರಿಗೆ ಸುಮಾರು 175 ಸೆಂಟಿಮೀಟರ್‌ಗಿಂತ ಹೆಚ್ಚು, ಪುರುಷರಿಗೆ 183ರಿಂದ 188ರವರೆಗೆ ಎತ್ತರ ಕೇಳುವುದು ವಾಡಿಕೆ. ಆದರೆ ರ‍್ಯಾಂಪ್ ಈ ಉದ್ಯಮದ ಒಂದು ಮೂಲೆ ಮಾತ್ರ. ವಿಮೆಯ ಜಾಹೀರಾತಿಗೆ ನಲವತ್ತರ ತಂದೆ ಬೇಕು, ಔಷಧದ ಜಾಹೀರಾತಿಗೆ ಅರವತ್ತೈದರ ಅಜ್ಜಿ ಬೇಕು, ಬ್ಯಾಂಕಿನದಕ್ಕೆ ನೋಡಿದ ಕೂಡಲೇ ನಂಬಿಕೆ ಬರುವ ಒಂದು ಸಾಧಾರಣ ಮುಖ ಬೇಕು. ಕೈಗಳನ್ನು ಮಾತ್ರ ತೋರಿಸಿ ಸಂಪಾದಿಸುವವರಿದ್ದಾರೆ. ಉಡುಪು ತಯಾರಕರ ಅಳತೆ ಪರೀಕ್ಷೆಗೆ ನಿಲ್ಲುವ ಫಿಟ್ ಮಾಡೆಲ್‌ಗಳಿದ್ದಾರೆ, ಅವರಿಗೆ ಮುಖಕ್ಕಿಂತ ಅಳತೆ ಬದಲಾಗದ ಮೈಕಟ್ಟು ಮುಖ್ಯ. ಮಧ್ಯವಯಸ್ಸಿನವರ ಪಟ್ಟಿ ಎಷ್ಟೋ ಏಜೆನ್ಸಿಗಳಲ್ಲಿ ಚಿಕ್ಕದು, ಬೇಡಿಕೆ ಬಂದಾಗ ಪೈಪೋಟಿಯೂ ಕಡಿಮೆ.

ಒಂದು ಮಾತು: ಅಳತೆ ಸುಳ್ಳು ಹೇಳಬೇಡಿ. ಎತ್ತರಕ್ಕೆ ಐದು ಸೆಂಟಿಮೀಟರ್ ಸೇರಿಸಿದವರು ಚಿತ್ರೀಕರಣದ ದಿನ ಬಟ್ಟೆ ನೆಲಕ್ಕೆ ಎಳೆಯುವಾಗ ಸಿಕ್ಕಿಬೀಳುತ್ತಾರೆ. ಆಮೇಲೆ ಕೆಲಸ ಕೊಟ್ಟ ಆ ಗ್ರಾಹಕ ನಿಮ್ಮನ್ನೂ ಕರೆಯುವುದಿಲ್ಲ, ಏಜೆನ್ಸಿಯನ್ನೂ ಕರೆಯುವುದಿಲ್ಲ.

ತೂಕದ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಉಪವಾಸ ಬಿದ್ದು ಕೆಲಸ ಗಿಟ್ಟಿಸಿ ಎಂದು ಹೇಳುವ ಏಜೆನ್ಸಿ ನಿಮ್ಮ ಹಿತೈಷಿಯಲ್ಲ. ಫ್ರಾನ್ಸ್‌ನಲ್ಲಿ 2017ರಿಂದ ಮಾಡೆಲ್‌ಗಳು ಕೆಲಸಕ್ಕೆ ವೈದ್ಯರ ಪ್ರಮಾಣಪತ್ರ ಹೊಂದಿರಬೇಕು. ಮೈಮಾಟವನ್ನು ಕಂಪ್ಯೂಟರ್‌ನಲ್ಲಿ ತಿದ್ದಿದ ಜಾಹೀರಾತು ಚಿತ್ರಕ್ಕೆ ಅಲ್ಲಿ ‘ತಿದ್ದಿದ ಚಿತ್ರ’ ಎಂದು ಬರೆಯಬೇಕು.

ಮೊದಲ ಫೋಟೋಗಳು ಹೇಗಿರಬೇಕು?

ನೀವು ಅಂದುಕೊಂಡದ್ದಕ್ಕಿಂತ ಸಪ್ಪೆಯಾಗಿ. ಏಜೆನ್ಸಿಯವರು ಇವನ್ನು ಡಿಜಿಟಲ್ಸ್ ಎನ್ನುತ್ತಾರೆ, ಹಳಬರ ಬಾಯಲ್ಲಿ ಇನ್ನೂ ಪೋಲರಾಯ್ಡ್. ಮನೆಯಲ್ಲೇ, ಮೊಬೈಲ್‌ನಲ್ಲೇ ತೆಗೆಯಬಹುದು.

ಬಿಳಿ ಅಥವಾ ತಿಳಿ ಬಣ್ಣದ ಖಾಲಿ ಗೋಡೆ ಆರಿಸಿ. ಕಿಟಕಿ ಫೋಟೋ ತೆಗೆಯುವವರ ಬೆನ್ನಿಗಿರಲಿ, ಬೆಳಕು ನಿಮ್ಮ ಮುಖಕ್ಕೆ ಬೀಳಲಿ. ಗೋಡೆಯಿಂದ ಎರಡು ಹೆಜ್ಜೆ ಮುಂದೆ ನಿಂತರೆ ನೆರಳು ಬೀಳುವುದಿಲ್ಲ. ಮೈಗೆ ಒಪ್ಪುವ ಕಪ್ಪು ಅಥವಾ ಬಿಳಿ ಟೀ ಶರ್ಟ್, ಸಾದಾ ಜೀನ್ಸ್. ಕೂದಲನ್ನು ಒಮ್ಮೆ ಬಿಟ್ಟು, ಒಮ್ಮೆ ಹಿಂದಕ್ಕೆ ಕಟ್ಟಿ. ಮೇಕಪ್ ಬೇಡ, ಫಿಲ್ಟರ್ ಬೇಡವೇ ಬೇಡ. ಮುಖ ಎದುರಿನಿಂದ, ಎರಡೂ ಪಕ್ಕದಿಂದ, ಸೊಂಟದವರೆಗೆ, ಪೂರ್ತಿ ಎತ್ತರ, ಮತ್ತು ಹಲ್ಲು ಕಾಣುವಂತೆ ನಕ್ಕದ್ದೊಂದು. ಪೂರ್ತಿ ಎತ್ತರದ ಫೋಟೋ ತೆಗೆಯುವವರು ಫೋನನ್ನು ಎದೆಮಟ್ಟಕ್ಕಿಂತ ಸ್ವಲ್ಪ ಕೆಳಗೆ ಹಿಡಿಯಲಿ. ಮೇಲಿನಿಂದ ತೆಗೆದರೆ ಕಾಲು ಗಿಡ್ಡವಾಗಿ ಕಾಣುತ್ತದೆ.

ಮದುವೆ ಮನೆಯ ಫೋಟೋ, ಕಪ್ಪು ಕನ್ನಡಕ ಹಾಕಿ ಬೈಕಿಗೆ ಒರಗಿದ ಫೋಟೋ, ಗುಂಪಿನಲ್ಲಿ ನಿಂತು ತಲೆಗೆ ವೃತ್ತ ಎಳೆದ ಫೋಟೋ ಕಳಿಸುವವರು ಇವತ್ತಿಗೂ ಇದ್ದಾರೆ. ಅವು ಯಾರ ಮುಂದೆಯೂ ಹೋಗುವುದಿಲ್ಲ.

ಮೇಲ್‌ನಲ್ಲಿ ಏನು ಬರೆಯಲಿ? ಉತ್ತರ ಬರದಿದ್ದರೆ?

ಹೆಸರು, ವಯಸ್ಸು, ಊರು, ಎತ್ತರ, ಅಳತೆ, ಮಾತಾಡುವ ಭಾಷೆಗಳು, ನಿಜವಾಗಿ ಬರುವ ಕೌಶಲಗಳು, ಮೊದಲು ಮಾಡಿದ ಕೆಲಸವಿದ್ದರೆ ಅದರ ಕೊಂಡಿ. ಎಂಟು ಸಾಲು ಮೀರದಿರಲಿ. ಬಾಲ್ಯದಿಂದಲೂ ನಟನೆಯ ಹುಚ್ಚು ಎಂಬ ಕಥೆಯನ್ನು ಎಲ್ಲರೂ ಬರೆಯುತ್ತಾರೆ. ‘ಈಜು ಬರುತ್ತದೆ, ಭಾರಿ ವಾಹನ ಓಡಿಸುತ್ತೇನೆ’ ಎಂಬ ಒಂದು ಸಾಲು ಅದಕ್ಕಿಂತ ಹೆಚ್ಚು ಕೆಲಸ ಕೊಡಿಸೀತು, ಏಕೆಂದರೆ ಅದನ್ನು ಹುಡುಕಿಕೊಂಡು ಬರುವವರಿದ್ದಾರೆ.

ಉತ್ತರ ಬರದಿದ್ದರೆ ಕೆಲವು ವಾರ ಕಾದು ಒಮ್ಮೆ ನೆನಪಿಸಿ. ಮತ್ತೆ ಮತ್ತೆ ಕರೆ ಮಾಡಿ ಕಾಡಬೇಡಿ. ‘ಇಲ್ಲ’ ಎಂಬುದರ ಹಿಂದೆ ಬಹಳ ಸಲ ಇರುವುದು ನಿಮ್ಮಂಥದೇ ಮುಖದ ಇನ್ನೊಬ್ಬರು ಅವರ ಪಟ್ಟಿಯಲ್ಲಿ ಆಗಲೇ ಇದ್ದಾರೆ ಎಂಬ ಕಾರಣ. ಆರು ತಿಂಗಳ ನಂತರ ಹೊಸ ಫೋಟೋಗಳೊಂದಿಗೆ ಮತ್ತೆ ಕೇಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಕಂಪ್ ಕಾರ್ಡ್, ಹೆಡ್‌ಶಾಟ್, ಪೋರ್ಟ್‌ಫೋಲಿಯೊ, ಶೋರೀಲ್ ಎಲ್ಲವೂ ಬೇಕೇ?

ಒಟ್ಟಿಗೇ ಬೇಡ. ಕಂಪ್ ಕಾರ್ಡ್ ಮಾಡೆಲ್‌ನ ವಿಸಿಟಿಂಗ್ ಕಾರ್ಡ್ ಇದ್ದಂತೆ: ಒಂದು ಬದಿ ದೊಡ್ಡ ಮುಖ ಮತ್ತು ಹೆಸರು, ಇನ್ನೊಂದು ಬದಿ ಮೂರ್ನಾಲ್ಕು ಚಿತ್ರ, ಅಳತೆ, ಏಜೆನ್ಸಿಯ ಸಂಪರ್ಕ. ಅದನ್ನು ಏಜೆನ್ಸಿ ಸೇರಿದ ಮೇಲೆ ಅವರ ವಿನ್ಯಾಸದಲ್ಲೇ ಮಾಡಿಸಬೇಕು, ಮೊದಲೇ ಅಚ್ಚು ಹಾಕಿಸಿದರೆ ದಂಡ. ನಟರಿಗೆ ಹೆಡ್‌ಶಾಟ್ ಮುಖ್ಯ. ಮುದ್ರಿಸಿದರೆ 8×10 ಅಂಗುಲ, ಭುಜದಿಂದ ಮೇಲಕ್ಕೆ, ಕಣ್ಣು ಸ್ಪಷ್ಟ. ಆಡಿಷನ್ ಕೋಣೆಗೆ ಕಾಲಿಟ್ಟವರು ಫೋಟೋದಲ್ಲಿದ್ದವರೇ ಎನಿಸಬೇಕು, ಅದು ಅದರ ಒಂದೇ ಪರೀಕ್ಷೆ. ಗಡ್ಡ ತೆಗೆದರೆ, ಕೂದಲು ಕತ್ತರಿಸಿದರೆ ಹೊಸದು ಬೇಕು.

ಶೋರೀಲ್, ಅಂದರೆ ನಿಮ್ಮ ನಟನೆಯ ತುಣುಕುಗಳನ್ನು ಜೋಡಿಸಿದ ವಿಡಿಯೊ, ಒಂದೆರಡು ನಿಮಿಷ ಸಾಕು. ಅತ್ಯುತ್ತಮ ತುಣುಕು ಮೊದಲ ಹತ್ತು ಸೆಕೆಂಡಿನಲ್ಲೇ ಬರಲಿ, ನೋಡುವವರ ತಾಳ್ಮೆ ಅಷ್ಟೇ.

ನಟನೆ ಕಲಿಯದೆ ಏಜೆನ್ಸಿ ಸೇರಬಹುದೇ?

ಜಾಹೀರಾತಿನ ಸಣ್ಣ ಪಾತ್ರಗಳಿಗೆ ಸೇರಬಹುದು. ಸಂಭಾಷಣೆಯಿರುವ ಪಾತ್ರಕ್ಕೆ ತಯಾರಿ ಬೇಕೇ ಬೇಕು. ನನ್ನ ಮಟ್ಟಿಗೆ ದುಬಾರಿ ಕೋರ್ಸಿಗಿಂತ ಹತ್ತಿರದ ಒಂದು ನಾಟಕ ತಂಡ ಮೇಲು. ರಂಗದ ಮೇಲೆ ಮಾತು ಮರೆತು ನಿಂತು, ಅದನ್ನು ಸಂಭಾಳಿಸಿದವರಿಗೆ ಕ್ಯಾಮೆರಾ ಮುಂದೆ ಕೈಕಾಲು ನಡುಗುವುದಿಲ್ಲ. ಆದರೆ ಕ್ಯಾಮೆರಾ ಮುಂದೆ ದನಿ, ಹಾವಭಾವ ಎಲ್ಲವನ್ನೂ ತಗ್ಗಿಸಬೇಕು. ಹಿಂದಿನ ಸಾಲಿನ ಪ್ರೇಕ್ಷಕರಿಗೆ ತಲುಪಿಸುವ ಅಭ್ಯಾಸ ಮುಖದ ಹತ್ತಿರದ ದೃಶ್ಯದಲ್ಲಿ ಅತಿಯಾಗಿ ಕಾಣುತ್ತದೆ.

ಸೆಲ್ಫ್ ಟೇಪ್ ಕಳಿಸಿ ಎಂದಿದ್ದಾರೆ. ಹೇಗೆ?

ಸೆಲ್ಫ್ ಟೇಪ್ ಎಂದರೆ ನೀವೇ ಚಿತ್ರೀಕರಿಸಿ ಕಳಿಸುವ ಆಡಿಷನ್ ವಿಡಿಯೊ. ಈಗ ಮೊದಲ ಸುತ್ತಿನ ಆಡಿಷನ್ ಬಹುಪಾಲು ಹೀಗೇ ನಡೆಯುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಫೋನ್ ಅಡ್ಡ ಇರಲಿ, ಕಣ್ಣಿನ ಎತ್ತರಕ್ಕೆ, ಕೈಯಲ್ಲಿ ಹಿಡಿಯದೆ ಸ್ಟ್ಯಾಂಡ್ ಮೇಲೆ. ಹಿನ್ನೆಲೆ ಬೂದು ಅಥವಾ ತಿಳಿನೀಲಿ, ಸಾದಾ. ಎದೆಯಿಂದ ಮೇಲಕ್ಕೆ ಚೌಕಟ್ಟು. ಎದುರು ಪಾತ್ರದ ಮಾತು ಓದುವವರು ಕ್ಯಾಮೆರಾದ ಪಕ್ಕಕ್ಕೇ ಅಂಟಿಕೊಂಡು ನಿಲ್ಲಲಿ, ಆಗ ನಿಮ್ಮ ಎರಡೂ ಕಣ್ಣು ಕಾಣುತ್ತವೆ. ಅವರ ದನಿ ನಿಮ್ಮದಕ್ಕಿಂತ ಮೆಲ್ಲಗಿರಲಿ, ಅವರು ನಟಿಸುವುದೂ ಬೇಡ. ಮೊದಲಿಗೆ ಹೆಸರು, ಎತ್ತರ, ಊರು ಹೇಳುವ ಪರಿಚಯ. ಇದನ್ನು ಸ್ಲೇಟ್ ಎನ್ನುತ್ತಾರೆ. ಅಲ್ಲಿ ಮಾತ್ರ ನೇರ ಲೆನ್ಸ್ ನೋಡಿ, ನೀವಾಗಿಯೇ ಮಾತಾಡಿ. ಪಾತ್ರದೊಳಗೆ ಹೋದ ಮೇಲೆ ಲೆನ್ಸ್ ಕಡೆ ನೋಟ ಬೇಡ.

ಚಿತ್ರಕ್ಕಿಂತ ದನಿ ಕೆಟ್ಟರೆ ಟೇಪ್ ಬೇಗ ಬದಿಗೆ ಹೋಗುತ್ತದೆ. ಫ್ಯಾನ್ ಆರಿಸಿ, ಫ್ರಿಜ್ಜಿನಿಂದ ದೂರ ನಿಲ್ಲಿ. ಕಡತದ ಹೆಸರನ್ನು ಅವರು ಕೇಳಿದ ರೀತಿಯಲ್ಲೇ ಬರೆಯಿರಿ. ಸೂಚನೆ ಪಾಲಿಸುವವರೇ ಎಂಬುದನ್ನು ಅಲ್ಲಿಂದಲೇ ನೋಡುತ್ತಾರೆ.

ಆಮೇಲೆ ಕಳಿಸಿ ಮರೆತುಬಿಡಿ. ಆಯ್ಕೆಯಾಗದವರಿಗೆ ಫೋನ್ ಬರುವುದಿಲ್ಲ, ಈ ಉದ್ಯಮದ ದುರಭ್ಯಾಸ ಅದು.

‘ಹೋಲ್ಡ್’ ಮಾಡಿದ್ದೇವೆ ಎಂದರು. ಕೆಲಸ ಸಿಕ್ಕಿತು ಎಂದೇ?

ಇಲ್ಲ. ಆ ದಿನವನ್ನು ಅವರಿಗಾಗಿ ಕಾಯ್ದಿರಿಸಿ ಎಂಬ ಕೋರಿಕೆ ಮಾತ್ರ. ಇಬ್ಬರು ಗ್ರಾಹಕರು ಅದೇ ದಿನ ಕೇಳಿದರೆ ಮೊದಲು ಕೇಳಿದವರದು ಮೊದಲ ಹೋಲ್ಡ್, ನಂತರದವರದು ಎರಡನೆಯದು. ಎರಡನೆಯವರು ಖಚಿತ ಮಾಡಲು ಸಿದ್ಧರಾದರೆ ಏಜೆನ್ಸಿ ಮೊದಲಿನವರನ್ನು ‘ಈಗಲೇ ಹೇಳಿ, ಇಲ್ಲವೇ ಬಿಡಿ’ ಎಂದು ಕೇಳುತ್ತದೆ. ಬುಕಿಂಗ್ ಖಚಿತ ಎಂದು ಬರಹದಲ್ಲಿ ಬರುವವರೆಗೆ ಬಂಧುಬಳಗಕ್ಕೆ ಸಿಹಿ ಹಂಚಬೇಡಿ.

ಒಪ್ಪಂದದಲ್ಲಿ ಏನೇನು ನೋಡಬೇಕು?

ಕಣ್ಣುಮುಚ್ಚಿ ಸಹಿ ಹಾಕುವವರೇ ಹೆಚ್ಚು, ಅವಕಾಶ ಕೈತಪ್ಪೀತು ಎಂಬ ಭಯದಿಂದ. ಮನೆಗೆ ತೆಗೆದುಕೊಂಡು ಹೋಗಿ ಓದಲು ಬಿಡದ ಕಾಗದಕ್ಕೆ ಸಹಿ ಬೇಡ. ಭಾಷೆ ಅರ್ಥವಾಗದಿದ್ದರೆ ವಕೀಲರಿಗೆ ಕೊಡುವ ಒಂದು ಬಾರಿಯ ಶುಲ್ಕ ಈ ವೃತ್ತಿಯಲ್ಲಿ ನೀವು ಮಾಡುವ ಅತ್ಯಂತ ಸಾರ್ಥಕ ಖರ್ಚು.

ಮೊದಲು ಕಮಿಷನ್. ಅಮೆರಿಕದಲ್ಲಿ ನಟರ ಏಜೆಂಟರದು ಸಾಮಾನ್ಯವಾಗಿ ಶೇ 10, ಮಾಡೆಲಿಂಗ್‌ನಲ್ಲಿ ಶೇ 20, ಮೇಲೆ ಹೇಳಿದ ನ್ಯೂಯಾರ್ಕ್ ಕಾಯ್ದೆ ಶೇ 20ಕ್ಕೇ ಮಿತಿ ಹಾಕಿದೆ. ಬೇರೆಡೆ ದರ ಬೇರೆ. ನಿಮ್ಮ ಕರಾರಿನಲ್ಲಿ ಅಂಕಿ ಸ್ಪಷ್ಟವಾಗಿರಬೇಕು, ಯಾವ ಮೊತ್ತದ ಮೇಲೆ ಎಂಬುದೂ ಇರಬೇಕು. ಪ್ರಯಾಣ ಭತ್ಯೆಯ ಮೇಲೂ ಕಮಿಷನ್ ಮುರಿಯುವವರಿದ್ದಾರೆ.

ಎರಡನೆಯದು ಏಕಸ್ವಾಮ್ಯ, ಅಂದರೆ ಬೇರೆ ಏಜೆನ್ಸಿಯ ಮೂಲಕ ಕೆಲಸ ಮಾಡುವಂತಿಲ್ಲ ಎಂಬ ಷರತ್ತು. ಯಾವ ಪ್ರದೇಶಕ್ಕೆ, ಯಾವ ಬಗೆಯ ಕೆಲಸಕ್ಕೆ, ಎಷ್ಟು ಕಾಲ? ಒಂದು ಜಿಲ್ಲೆಯಾಚೆ ಸಂಪರ್ಕವೇ ಇಲ್ಲದ ಏಜೆನ್ಸಿ ಇಡೀ ಪ್ರಪಂಚದ ಹಕ್ಕು ಕೇಳಿದರೆ ನಗಬೇಕಷ್ಟೇ. ಒಂದು ವರ್ಷದ ಅವಧಿ ಹೊಸಬರಿಗೆ ಸಾಕು. ತಾನಾಗಿಯೇ ನವೀಕರಣವಾಗುವ ಸಾಲಿದ್ದರೆ ತೆಗೆಸಿ. ನೀವೇ ಹುಡುಕಿಕೊಂಡ ಕೆಲಸಕ್ಕೂ ಕಮಿಷನ್ ಕೊಡಬೇಕೇ ಎಂಬುದನ್ನು ಈಗಲೇ ಕೇಳಿ, ಜಗಳವಾದ ಮೇಲೆ ಅಲ್ಲ.

ಮೂರನೆಯದು ಬಳಕೆಯ ಹಕ್ಕು, ಇದು ಪ್ರತಿ ಕೆಲಸದ ಕರಾರಿನಲ್ಲೂ ಬರುತ್ತದೆ. ಸಂಭಾವನೆಯಲ್ಲಿ ಎರಡು ಭಾಗವಿದೆ: ದಿನದ ದುಡಿಮೆಗೆ ಒಂದು, ನಿಮ್ಮ ಮುಖ ಎಲ್ಲಿ, ಎಷ್ಟು ಕಾಲ ಕಾಣಿಸುತ್ತದೆ ಎಂಬುದಕ್ಕೆ ಇನ್ನೊಂದು. ಒಂದು ನಗರದ ಪತ್ರಿಕೆಯಲ್ಲಿ ಮೂರು ತಿಂಗಳು ಬರುವ ಜಾಹೀರಾತು ಬೇರೆ, ದೇಶದ ಟಿವಿ, ಹೋರ್ಡಿಂಗ್, ಅಂತರ್ಜಾಲದಲ್ಲಿ ಎರಡು ವರ್ಷ ಓಡುವುದು ಬೇರೆ. ‘ಎಲ್ಲ ಮಾಧ್ಯಮಗಳಲ್ಲಿ, ವಿಶ್ವದಾದ್ಯಂತ, ಶಾಶ್ವತವಾಗಿ’ ಎಂಬ ಸಾಲನ್ನು ಕಂಡರೆ ಪೆನ್ನು ಕೆಳಗಿಡಿ. ಇವತ್ತು ಸಣ್ಣ ಮೊತ್ತಕ್ಕೆ ಒಂದು ಸೋಪಿನ ಜಾಹೀರಾತಿಗೆ ಹಾಗೆ ಸಹಿ ಹಾಕಿದರೆ, ಐದು ವರ್ಷದ ಮೇಲೆ ಇನ್ನೊಂದು ಸೋಪಿನವರು ದೊಡ್ಡ ಮೊತ್ತ ಹಿಡಿದು ಬಂದಾಗ ಹಳೆಯ ಜಾಹೀರಾತು ಇನ್ನೂ ಓಡುತ್ತಿರುತ್ತದೆ, ಅವರು ಹಿಂದೆ ಸರಿಯುತ್ತಾರೆ. ಎದುರಾಳಿ ಕಂಪನಿಗೆ ಕೆಲಸ ಮಾಡಬಾರದು ಎಂಬ ಷರತ್ತಿದ್ದರೆ ಅದಕ್ಕೂ ಅವಧಿ ಮತ್ತು ಹಣ ಎರಡೂ ಬರೆದಿರಲಿ.

ಕೃತಕ ಬುದ್ಧಿಮತ್ತೆಯ ಬಗ್ಗೆ ಒಂದು ಷರತ್ತಿದೆ. ಚಿಂತೆ ಮಾಡಬೇಕೇ?

ಮಾಡಬೇಕು. ನಿಮ್ಮ ಮುಖ, ಮೈ, ದನಿಯ ಡಿಜಿಟಲ್ ಪ್ರತಿರೂಪ ಮಾಡಿ ನೀವಿಲ್ಲದೆಯೇ ಹೊಸ ಜಾಹೀರಾತು ತಯಾರಿಸುವುದು ಈಗ ಸಾಧ್ಯ. 2023ರಲ್ಲಿ ಅಮೆರಿಕದ ನಟರ ಸಂಘ 118 ದಿನ ಮುಷ್ಕರ ಹೂಡಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ಪ್ರತಿರೂಪ ಬಳಸಲು ಪ್ರತ್ಯೇಕ ಲಿಖಿತ ಒಪ್ಪಿಗೆ ಬೇಕು, ಯಾವ ಉದ್ದೇಶಕ್ಕೆ, ಎಷ್ಟು ಹಣಕ್ಕೆ, ಎಷ್ಟು ಕಾಲಕ್ಕೆ ಎಂದು ಅದರಲ್ಲಿರಬೇಕು. ಇಡೀ ಮೈಯನ್ನು ಸ್ಕ್ಯಾನ್ ಮಾಡಲು ಕರೆದರೆ ಅದನ್ನು ಮಾಮೂಲಿ ಫೋಟೋ ಶೂಟ್ ಎಂದು ಭಾವಿಸಬೇಡಿ.

ಹಣ ಯಾವಾಗ ಬರುತ್ತದೆ?

ತಡವಾಗಿ. ಗ್ರಾಹಕ ಏಜೆನ್ಸಿಗೆ ಕೊಟ್ಟ ಮೇಲೆ ಏಜೆನ್ಸಿ ತನ್ನ ಪಾಲು ಮುರಿದುಕೊಂಡು ನಿಮಗೆ ಕೊಡುತ್ತದೆ. ಎರಡು ಮೂರು ತಿಂಗಳು ಹಿಡಿಯುವುದು ಅಪರೂಪವಲ್ಲ. ಗ್ರಾಹಕನಿಂದ ಬಂದ ಎಷ್ಟು ದಿನದೊಳಗೆ ನಿಮಗೆ ತಲುಪಬೇಕು ಎಂಬುದನ್ನು ಕರಾರಿನಲ್ಲಿ ಬರೆಸಿ, ಪ್ರತಿ ಪಾವತಿಗೂ ಲೆಕ್ಕದ ಚೀಟಿ ಕೇಳಿ. ನಿಮ್ಮದೇ ಒಂದು ಪುಸ್ತಕದಲ್ಲಿ ದಿನಾಂಕ, ಗ್ರಾಹಕ, ಒಪ್ಪಿದ ಮೊತ್ತ, ಬಂದ ಮೊತ್ತ ಬರೆದಿಡಿ.

ಈಗಿರುವ ಉದ್ಯೋಗ ಬಿಡಲೇ?

ಬೇಡ. ರಜೆ ಹಾಕಲು ಸಾಧ್ಯವಿರುವ ಕೆಲಸವಾಗಿದ್ದರೆ ಅದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಿ. ಬಾಡಿಗೆಯ ಚಿಂತೆ ಇರುವವರು ಕೆಟ್ಟ ಕರಾರಿಗೆ ಬೇಗ ಒಪ್ಪುತ್ತಾರೆ.

ಸಾಮಾಜಿಕ ಜಾಲತಾಣದಲ್ಲಿ ಹಿಂಬಾಲಕರು ಎಷ್ಟಿರಬೇಕು?

ಸಾಮಾನ್ಯ ಜಾಹೀರಾತು, ನಟನೆಗೆ ಸಂಖ್ಯೆ ಮುಖ್ಯವಲ್ಲ. ಆದರೆ ನಿಮ್ಮ ಖಾತೆ ಅವರು ನೋಡಿಯೇ ನೋಡುತ್ತಾರೆ. ದುಡ್ಡು ಕೊಟ್ಟು ತಂದ ಹಿಂಬಾಲಕರನ್ನು ಗುರುತಿಸುವುದು ಕಷ್ಟವಲ್ಲ.

ಮಗುವನ್ನು ಸೇರಿಸಬೇಕೆಂದಿದ್ದೇವೆ. ಏನು ಗಮನಿಸಬೇಕು?

ಮೊದಲು ಮಗುವಿಗೆ ಇಷ್ಟವಿದೆಯೇ ಎಂದು. ಅಪ್ಪ ಅಮ್ಮನ ಆಸೆಗೆ ಕ್ಯಾಮೆರಾ ಮುಂದೆ ನಿಂತ ಮಗು ಎರಡನೇ ಗಂಟೆಗೆ ಅಳಲು ಶುರುಮಾಡುತ್ತದೆ, ಇಡೀ ಸೆಟ್‌ಗೆ ಸತ್ಯ ಗೊತ್ತಾಗುತ್ತದೆ.

ಮಗುವಿನ ದುಡ್ಡು ಮಗುವಿಗೇ ಸೇರಬೇಕು. ಮೂಕಿ ಚಿತ್ರಗಳ ಕಾಲದಲ್ಲಿ ಚಾಪ್ಲಿನ್ ಜತೆ ನಟಿಸಿ ಜಗತ್ತಿಗೇ ಪರಿಚಿತನಾದ ಬಾಲನಟ ಜಾಕಿ ಕೂಗನ್ ದೊಡ್ಡವನಾಗಿ ನೋಡಿದಾಗ ದುಡಿದದ್ದರಲ್ಲಿ ಹೆಚ್ಚಿನದನ್ನು ತಾಯಿ ಮತ್ತು ಮಲತಂದೆ ಖರ್ಚು ಮಾಡಿದ್ದರು. ಅವನು ನ್ಯಾಯಾಲಯಕ್ಕೆ ಹೋದ, 1939ರಲ್ಲಿ ಕ್ಯಾಲಿಫೋರ್ನಿಯಾ ಅವನ ಹೆಸರಿನಿಂದಲೇ ಕರೆಯಲಾಗುವ ಕಾನೂನು ತಂದಿತು. ಈಗ ಅಲ್ಲಿ ಬಾಲಕಲಾವಿದರ ಗಳಿಕೆಯ ಶೇ 15 ಭಾಗ ಯಾರೂ ಮುಟ್ಟಲಾಗದ ಖಾತೆಗೆ ಹೋಗುತ್ತದೆ. ಭಾರತದ ಬಾಲಕಾರ್ಮಿಕ ನಿಯಮಗಳ 2017ರ ತಿದ್ದುಪಡಿಯಲ್ಲಿ ಇದು ಕನಿಷ್ಠ ಶೇ 20, ಮಗುವಿನ ಹೆಸರಿನ ನಿಶ್ಚಿತ ಠೇವಣಿಗೆ. ಅದೇ ನಿಯಮದ ಪ್ರಕಾರ ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ನಿಮ್ಮಲ್ಲಿ ಯಾವ ಕಾನೂನಿದೆ ಎಂದು ಏಜೆನ್ಸಿಯನ್ನೇ ಕೇಳಿ. ಗೊತ್ತಿಲ್ಲದೆ ತಡವರಿಸಿದರೆ ಮಗುವನ್ನು ಅವರ ಕೈಗೆ ಕೊಡಬೇಡಿ. ಸೆಟ್‌ನಲ್ಲಿ ಮಗು ನಿಮ್ಮ ಕಣ್ಣಳತೆಯಿಂದ ಒಂದು ಕ್ಷಣವೂ ಆಚೆ ಹೋಗಬಾರದು, ಯಾರು ಎಷ್ಟೇ ನಯವಾಗಿ ‘ಹೊರಗೆ ಕೂತಿರಿ’ ಎಂದರೂ.

ಒಬ್ಬಳೇ ಆಡಿಷನ್‌ಗೆ ಹೋಗಲು ಭಯ. ಏನು ಮಾಡಲಿ?

ಒಬ್ಬರೇ ಹೋಗಬೇಡಿ. ಜತೆಗೊಬ್ಬರು ಬಂದರೆ ಬೇಸರಿಸಿಕೊಳ್ಳುವ ಕಡೆ ನಿಮಗೆ ಕೆಲಸವಿಲ್ಲ. ಆಡಿಷನ್ ಕಚೇರಿ ಅಥವಾ ಸ್ಟುಡಿಯೊದಲ್ಲಿ, ಹಗಲು ಹೊತ್ತಿನಲ್ಲಿ ನಡೆಯಬೇಕು. ಹೋಟೆಲ್ ಕೋಣೆ, ಯಾರದೋ ಮನೆ, ರಾತ್ರಿ ಹತ್ತರ ‘ಕಥೆ ಚರ್ಚೆ’ ಯಾವುದಕ್ಕೂ ಒಪ್ಪಬೇಡಿ. ಒಳ ಉಡುಪಿನ ಫೋಟೋವನ್ನು ಮೇಲ್‌ನಲ್ಲಿ ಕೇಳುವುದು ಆಯ್ಕೆಯ ಭಾಗವಲ್ಲ. ಪಾತ್ರದಲ್ಲಿ ಆಪ್ತ ದೃಶ್ಯಗಳಿದ್ದರೆ ಏನು, ಎಷ್ಟು ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಅಂಥ ದೃಶ್ಯಗಳನ್ನು ಸಂಯೋಜಿಸಲೆಂದೇ ಇಂಟಿಮೆಸಿ ಕೋಆರ್ಡಿನೇಟರ್ ಎಂಬ ಹುದ್ದೆಯೇ ಈಗಿದೆ, ಇದ್ದಾರೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಸೆಟ್‌ನಲ್ಲಿ ಒಪ್ಪಂದಕ್ಕಿಂತ ಹೆಚ್ಚಿನದನ್ನು ಕೇಳಿದರೆ ಜಗಳವಾಡಬೇಕಿಲ್ಲ, ‘ಏಜೆನ್ಸಿಗೆ ಕರೆ ಮಾಡುತ್ತೇನೆ’ ಎಂದರೆ ಸಾಕು. ಆ ಕರೆಗೆ ಉತ್ತರಿಸಿ ನಿಮ್ಮ ಪರ ನಿಲ್ಲದ ಏಜೆನ್ಸಿ ಕಮಿಷನ್‌ಗೆ ಅರ್ಹವಲ್ಲ.

ಮೊದಲ ಚಿತ್ರೀಕರಣದ ದಿನ ಏನು ಒಯ್ಯಲಿ?

ಹಿಂದಿನ ಸಂಜೆ ಬರುವ ಕಾಲ್ ಶೀಟ್ ಓದಿ. ಸಮಯ, ಜಾಗ, ಯಾರನ್ನು ಕಾಣಬೇಕು ಎಲ್ಲ ಅದರಲ್ಲಿರುತ್ತದೆ. ಚೀಲದಲ್ಲಿ ಮೈಬಣ್ಣದ, ಹೊಲಿಗೆ ಎದ್ದು ಕಾಣದ ಒಳ ಉಡುಪು, ಸಾದಾ ಪಾದರಕ್ಷೆ, ಫೋನ್ ಚಾರ್ಜರ್, ನೀರು, ಗುರುತಿನ ಚೀಟಿ, ಒಂದು ಪುಸ್ತಕ ಇರಲಿ. ಪುಸ್ತಕ ಏಕೆಂದರೆ ಕೆಲಸಕ್ಕಿಂತ ಕಾಯುವುದೇ ಹೆಚ್ಚು. ಕೂದಲು ತೊಳೆದು, ಉಗುರು ಕತ್ತರಿಸಿ, ಮೇಕಪ್ ಇಲ್ಲದೆ ಹೋಗಿ. ಸೆಟ್‌ನ ಫೋಟೋ ತೆಗೆದು ಹಾಕಬೇಡಿ. ಜಾಹೀರಾತು ಹೊರಬರುವ ಮುನ್ನ ಗುಟ್ಟು ರಟ್ಟಾದರೆ ಹಣವೂ ಹೋದೀತು. ದರದ ಬಗ್ಗೆ ಗ್ರಾಹಕ ನೇರವಾಗಿ ಕೇಳಿದರೆ ‘ಏಜೆನ್ಸಿಯವರ ಹತ್ತಿರ ಮಾತಾಡಿ’ ಎನ್ನಿ.

ಏಜೆನ್ಸಿ ಕೆಲಸ ತರುತ್ತಿಲ್ಲ. ಬಿಡುವುದು ಹೇಗೆ?

ಮೊದಲು ಕೂತು ಮಾತಾಡಿ: ಎಷ್ಟು ಕಡೆ ನನ್ನ ಹೆಸರು ಕಳಿಸಿದ್ದೀರಿ, ಏನು ಉತ್ತರ ಬಂತು? ಕಳಿಸಿಯೂ ಆಯ್ಕೆಯಾಗದಿದ್ದರೆ ಫೋಟೋ ಬದಲಿಸಬೇಕೇನೋ. ಕಳಿಸಿಯೇ ಇಲ್ಲದಿದ್ದರೆ ಹೊರಡುವ ಹೊತ್ತು. ಕರಾರಿನಲ್ಲಿರುವ ನೋಟಿಸ್ ಅವಧಿಯಂತೆ ಮೇಲ್‌ನಲ್ಲಿ ಲಿಖಿತವಾಗಿ ತಿಳಿಸಿ, ಸ್ವೀಕರಿಸಿದ್ದೇವೆ ಎಂಬ ಉತ್ತರವನ್ನು ಉಳಿಸಿಕೊಳ್ಳಿ. ಅವರ ಮೂಲಕ ಆಗಲೇ ಒಪ್ಪಿದ ಕೆಲಸಗಳಿಗೆ ಕಮಿಷನ್ ಸಲ್ಲಬೇಕು, ಅದೇ ಜಾಹೀರಾತಿನ ಬಳಕೆ ನವೀಕರಣವಾದರೆ ಅದರ ಮೇಲೂ ಸಲ್ಲಬೇಕೇ ಎಂಬುದು ಕರಾರಿನಲ್ಲಿರುವಂತೆ. ಅವರ ಜಾಲತಾಣದಿಂದ ನಿಮ್ಮ ಫೋಟೋ ತೆಗೆಸಿ, ಬಾಕಿ ಇರುವ ಪಾವತಿಗಳ ಪಟ್ಟಿಯನ್ನು ದಿನಾಂಕ ಸಮೇತ ಕೇಳಿ ಪಡೆಯಿರಿ. ಹೊಸ ಏಜೆನ್ಸಿಗೆ ಸಹಿ ಹಾಕುವುದು ಹಳೆಯದರ ಅವಧಿ ಮುಗಿದ ಮೇಲೆಯೇ.